ಜಸ್ಟೀನಳ ತಪ್ಪೊಪ್ಪಿಗೆ: ‘ಫ್ರ್ಯಾಂಕನ್‌ಸ್ಟೈನ್’ ಕಾದಂಬರಿಯ ಒಂದು ಪ್ರಕರಿ

ನಾಟಕದ ಇತಿವೃತ್ತವನ್ನು ವಿಂಗಡಿಸುವಾಗ ನಮ್ಮ ಲಾಕ್ಷಣಿಕರು ಪ್ರಾಸಂಗಿಕ ಕಥೆಯನ್ನು ಪತಾಕೆ, ಪ್ರಕರಿ ಎಂದು ಎರಡು ಬಗೆಯಾಗಿ ಹೇಳಿದ್ದಾರೆ. ಪ್ರಧಾನ ಕಥೆಯೊಡನೆ ಬಹುದೂರ ಸಾಗಿಬರುವುದು ಪತಾಕೆ. ಒಂದೆಡೆಯಲ್ಲಿ ತಲೆದೋರಿ ಅಲ್ಲಿಯೇ ಮುಗಿದುಹೋಗುವುದು ಪ್ರಕರಿ. ರಾಮಕಥೆಯಲ್ಲಿ ಸುಗ್ರೀವನದು ಪತಾಕೆ, ಜಟಾಯುವಿನದು ಪ್ರಕರಿ. ಪ್ರಕರಿಗೆ ತನ್ನದೆಂಬ ಫಲವಿಲ್ಲ, ನಾಯಕನ ಕಾರ್ಯಕ್ಕೆ ಒದಗಿ ಮರೆಯಾಗುವುದೇ ಅದರ ಧರ್ಮವೆಂಬುದು ಶಾಸ್ತ್ರದ ಅಭಿಪ್ರಾಯ. ಆದರೆ ಜಟಾಯುವಿನ ಪ್ರಸಂಗವನ್ನು ಓದಿದ ಯಾವ ಸಹೃದಯನೂ ಆ ಪಕ್ಷಿಯನ್ನು ರಾಮನಿಗೆ ದಿಕ್ಕು ತೋರಿಸಿದ ಕೈಮರವೆಂದು ಮಾತ್ರ ಎಣಿಸಲಾರನು. ಹಲವು ಕೃತಿಗಳಲ್ಲಿ ಇಂತಹ ಕಿರುಪಾತ್ರವೇ ನಾಯಕನನ್ನು ತೂಗುವ ತಕ್ಕಡಿಯಾಗಿ ನಿಂತುಬಿಡುತ್ತದೆ. ಮೇರಿ ಶೆಲ್ಲಿಯ ‘ಫ್ರ್ಯಾಂಕನ್‌ಸ್ಟೈನ್’ ಕಾದಂಬರಿಯಲ್ಲಿ ಬರುವ ಜಸ್ಟೀನ್ ಮೊರಿಟ್ಜ್ ಎಂಬ ಊಳಿಗದ ಹುಡುಗಿ ಅಂತಹ ಒಂದು ಪಾತ್ರವೆಂದು ನನ್ನ ಭಾವನೆ.

ಈ ಕಾದಂಬರಿಯ ಹೆಸರನ್ನು ಕೇಳದವರು ವಿರಳ. ಓದಿದವರು ಅಷ್ಟೊಂದು ಮಂದಿಯಿಲ್ಲ. ಫ್ರ್ಯಾಂಕನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೆಂದೇ ಲೋಕದ ರೂಢಿಯಾಗಿದೆ. ವಾಸ್ತವವಾಗಿ ಅದು ಆ ಜೀವಿಯನ್ನು ನಿರ್ಮಿಸಿದ ಜಿನೀವಾದ ತರುಣ ವಿಜ್ಞಾನಿ ವಿಕ್ಟರನ ಮನೆತನದ ಹೆಸರು. ಜೀವಿಗೆ ಹೆಸರೇ ಇಲ್ಲ. ೧೮೧೬ರ ಬೇಸಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿದ್ದಾಗ, ಹದಿನೆಂಟು ವರ್ಷದ ಮೇರಿ ಈ ಕಥೆಯನ್ನು ತೊಡಗಿದಳು. ೧೮೧೮ರ ಜನವರಿಯಲ್ಲಿ ಅದು ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಹೊರಬಂದಿತು. ೧೮೩೧ರಲ್ಲಿ ಆಕೆ ತಾನೇ ತಿದ್ದಿ ಒಂದೇ ಸಂಪುಟವಾಗಿ ಪ್ರಕಟಿಸಿದಳು. ಈ ಎರಡು ಪಾಠಗಳ ನಡುವಣ ಅಂತರ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಅದನ್ನು ಮುಂದೆ ನೋಡೋಣ.

ಜಸ್ಟೀನಳನ್ನು ನಾವು ಮೊದಲು ಕಾಣುವುದು ಒಂದು ಪತ್ರದಲ್ಲಿ. ಇಂಗೋಲ್‌ಸ್ಟಾಟ್ ನಗರದಲ್ಲಿ ಓದುತ್ತಿರುವ ವಿಕ್ಟರನಿಗೆ ಎಲಿಜಬೆತ್ ಮನೆಯ ಸಮಾಚಾರವನ್ನು ಬರೆಯುತ್ತಾಳೆ. ತಂದೆ ಸತ್ತ ಮೇಲೆ ಹೆತ್ತ ತಾಯಿಯೇ ಜಸ್ಟೀನಳನ್ನು ಕಂಡರಾಗದಂತೆ ನಡೆಯಿಸಿಕೊಳ್ಳುತ್ತಿದ್ದಳೆಂದೂ, ಅದನ್ನು ನೋಡಲಾರದೆ ವಿಕ್ಟರನ ತಾಯಿ ಕರೊಲಿನ್ ಹನ್ನೆರಡು ವರ್ಷದ ಆ ಹುಡುಗಿಯನ್ನು ತನ್ನ ಮನೆಗೆ ಕರೆದುಕೊಂಡು ಬಂದಳೆಂದೂ ಅವಳು ನೆನಪಿಸುತ್ತಾಳೆ. ಜಿನೀವಾ ಗಣರಾಜ್ಯ, ಇಲ್ಲಿ ಸೇವಕಿಯೆಂದರೆ ಇಂಗ್ಲೆಂಡು ಫ್ರಾನ್ಸುಗಳಲ್ಲಿದ್ದಂತೆ ಅಜ್ಞಾನವೂ ಮಾನಹಾನಿಯೂ ಅಲ್ಲವೆಂದು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಜಸ್ಟೀನ್ ತನ್ನ ಒಡತಿಯನ್ನು ಎಷ್ಟು ಆರಾಧಿಸುತ್ತಿದ್ದಳೆಂದರೆ ಆಕೆಯ ನಡೆನುಡಿಗಳನ್ನೆಲ್ಲ ಅನುಕರಿಸಿ ಕಲಿತಳು. ಆಕೆ ತೀರಿಕೊಂಡ ಮೇಲೂ ಈ ಹುಡುಗಿಯನ್ನು ನೋಡಿದರೆ ಆಕೆಯ ನೆನಪೇ ಬರುತ್ತದೆಂದು ಪತ್ರ ತಿಳಿಸುತ್ತದೆ. ವಿಕ್ಟರನ ಮುನಿಸು ಕೂಡ ಜಸ್ಟೀನಳ ಒಂದು ನೋಟಕ್ಕೆ ಕರಗುತ್ತಿತ್ತಂತೆ.

ಇದು ಮೇಲುನೋಟಕ್ಕೆ ಮನೆಮಾತಿನ ಹರಟೆ. ಆದರೆ ಇದೇ ಪತ್ರದಲ್ಲಿ ಲೇಖಕಿ ಮುಂದಿನ ಅನರ್ಥಕ್ಕೆ ಬೇಕಾದ ಬೀಜಗಳನ್ನೆಲ್ಲ ಬಿತ್ತಿಬಿಟ್ಟಿದ್ದಾಳೆ. ಜಸ್ಟೀನಳ ಸೋದರ ಸೋದರಿಯರು ಒಬ್ಬರಾದಮೇಲೊಬ್ಬರು ಸಾಯುತ್ತಾರೆ. ತಾನು ಮಕ್ಕಳಲ್ಲಿ ಪಕ್ಷಪಾತ ಮಾಡಿದುದಕ್ಕೆ ದೇವರು ಕೊಟ್ಟ ಶಿಕ್ಷೆ ಇದೆಂದು ತಾಯಿ ನಡುಗುತ್ತಾಳೆ. ರೋಮನ್ ಕ್ಯಾಥೊಲಿಕ್ ಮತದವಳಾದ ಆಕೆಗೆ ಪಾದ್ರಿಯೂ ಹೌದೆಂದು ಹೇಳಿದಂತೆ ತೋರುತ್ತದೆ. ಮಗಳನ್ನು ಮರಳಿ ಮನೆಗೆ ಕರೆಸಿಕೊಳ್ಳುತ್ತಾಳೆ. ಒಂದು ದಿನ ಅವಳಲ್ಲಿ ಕ್ಷಮೆ ಬೇಡುವಳು. ಮತ್ತೊಂದು ದಿನ ಒಡಹುಟ್ಟಿದವರ ಸಾವಿಗೆ ನೀನೇ ಕಾರಣಳೆಂದು ದೂರುವಳು. ಹೀಗೆ ಮಾಡದ ಕೊಲೆಯ ಆರೋಪವನ್ನು ತನ್ನವರ ಬಾಯಿಂದಲೇ ಕೇಳಿ, ತಲೆತಗ್ಗಿಸಿ ಸಹಿಸಿದ ಹುಡುಗಿ ಅವಳು. ನ್ಯಾಯಸ್ಥಾನದಲ್ಲಿ ಮುಂದೆ ನಡೆಯುವುದು ಇದೇ ಕಥೆಯ ಎರಡನೆಯ ಆವೃತ್ತಿ. ಅವಳ ತಪ್ಪೊಪ್ಪಿಗೆ ಮನಶ್ಶಾಸ್ತ್ರದ ದೃಷ್ಟಿಯಿಂದ ಅಸಂಭವವೆನ್ನುವವರು ಈ ಪತ್ರವನ್ನು ಇನ್ನೊಮ್ಮೆ ಓದಬೇಕು.

ವಿಕ್ಟರನ ಕಿರಿಯ ತಮ್ಮ ವಿಲಿಯಂ ನಗರದ ಹೊರಬಯಲಾದ ಪ್ಲೇನ್‌ಪಾಲೆಯಲ್ಲಿ ಕೊಲೆಯಾಗುತ್ತಾನೆ. ಅವನ ಕೊರಳಲ್ಲಿದ್ದ, ತಾಯಿಯ ಚಿತ್ರವುಳ್ಳ ಬೆಲೆಬಾಳುವ ಪದಕ ಕಾಣೆಯಾಗುತ್ತದೆ. ಕೊಲೆಗಾರ ವಿಕ್ಟರನೇ ನಿರ್ಮಿಸಿದ ಜೀವಿ. ಊರಿಗೆ ಧಾವಿಸಿ ಬಂದ ವಿಕ್ಟರ್ ಮಿಂಚಿನ ಬೆಳಕಿನಲ್ಲಿ ಅದರ ಆಕಾರವನ್ನು ಅದೇ ಬಯಲಿನ ಸಮೀಪದಲ್ಲಿ ಕಂಡು ಆ ಕ್ಷಣದಲ್ಲಿಯೇ ಸತ್ಯವನ್ನು ಅರಿಯುತ್ತಾನೆ. ಮನೆಯೊಳಗೆ ಕಾಲಿಟ್ಟಾಗ ಅವನಿಗೆ ತಿಳಿಯುವುದು, ಜಸ್ಟೀನ್ ಕೊಲೆಯ ಆರೋಪಕ್ಕೆ ಗುರಿಯಾಗಿದ್ದಾಳೆಂದು. ಕೊಲೆಯ ರಾತ್ರಿ ಅವಳು ಉಟ್ಟಿದ್ದ ಬಟ್ಟೆಯ ಜೇಬಿನಲ್ಲಿ ಆ ಪದಕವನ್ನು ಕಂಡವರು ಮನೆಯ ಇತರ ಸೇವಕರೇ. ಒಡೆಯರಿಗೆ ಒಂದು ಮಾತನ್ನೂ ತಿಳಿಸದೆ ಅವರು ಅಧಿಕಾರಿಯ ಬಳಿಗೆ ಹೋಗಿದ್ದರು.

ವಿಚಾರಣೆಯ ಅಧ್ಯಾಯವನ್ನು ಲೇಖಕಿ ಅತಿ ಸಂಯಮದಿಂದ ಬರೆದಿದ್ದಾಳೆ. ಜಸ್ಟೀನ್ ಆ ರಾತ್ರಿಯೆಲ್ಲ ಮನೆಯಲ್ಲಿರಲಿಲ್ಲ. ಬೆಳಗಿನ ಜಾವದಲ್ಲಿ ಹೆಣ ಬಿದ್ದಿದ್ದ ಸ್ಥಳದ ಬಳಿ ಸಂತೆಯ ಹೆಂಗಸೊಬ್ಬಳು ಅವಳನ್ನು ಕಂಡಳು. ಕೇಳಿದುದಕ್ಕೆ ಉತ್ತರ ತಡವರಿಸಿತು. ಅವಳ ಸಮಾಧಾನವೂ ಸರಳವೇ. ಶೆನ್ ಎಂಬ ಹಳ್ಳಿಯಲ್ಲಿ ಚಿಕ್ಕಮ್ಮನನ್ನು ನೋಡಿ ಹಿಂದಿರುಗುವಾಗ ಮಗು ಕಳೆದುಹೋಗಿದೆಯೆಂದು ಕೇಳಿದಳು, ಹುಡುಕುತ್ತ ಅಲೆದಳು, ಅಷ್ಟರಲ್ಲಿ ನಗರದ ಬಾಗಿಲು ಮುಚ್ಚಿತು, ಒಂದು ಗುಡಿಸಲಿನ ಕಣಜದಲ್ಲಿ ರಾತ್ರಿಯನ್ನು ಕಳೆದಳು. ಪದಕ ತನ್ನ ಜೇಬಿಗೆ ಹೇಗೆ ಬಂದಿತೆಂಬುದು ಅವಳಿಗೆ ತಿಳಿಯದು. ಆ ಒಂದು ‘ತಿಳಿಯದು’ ಅವಳ ಕುತ್ತಿಗೆಗೆ ಬಂದಿತು. ಅವಳ ಗುಣವನ್ನು ಬಲ್ಲ ಸಾಕ್ಷಿಗಳು ಅಪರಾಧದ ಭೀಕರತೆಗೆ ಅಂಜಿ ಹಿಂಜರಿಯುತ್ತಾರೆ. ಎಲಿಜಬೆತ್ ಎದ್ದು ನಿಂತು, ಈ ಹುಡುಗಿ ಬಯಸಿದ್ದರೆ ಆ ಪದಕವನ್ನು ನಾನೇ ಸಂತೋಷದಿಂದ ಕೊಡುತ್ತಿದ್ದೆನೆಂದು ಹೇಳುತ್ತಾಳೆ. ಇದರ ಪರಿಣಾಮ ವಿಪರೀತವಾಗುತ್ತದೆ: ಸಭೆ ಎಲಿಜಬೆತ್‌ಳ ಔದಾರ್ಯವನ್ನು ಮೆಚ್ಚಿ, ಇಂತಹ ಒಡತಿಗೆ ದ್ರೋಹ ಬಗೆದ ಕೃತಘ್ನೆಯೆಂದು ಜಸ್ಟೀನಳ ಮೇಲೆ ಇನ್ನಷ್ಟು ಕೆರಳುತ್ತದೆ. ಆಶ್ರಯ ಪಡೆದವರ ಕೊರಳಿಗೆ ಉಪಕಾರವೇ ಉರುಳಾಗುವ ಬಗೆಯನ್ನು ಇಷ್ಟು ಕಡಿಮೆ ಮಾತುಗಳಲ್ಲಿ ತೋರಿಸಿದ ಪುಟಗಳು ಆ ಕಾಲದ ಇಂಗ್ಲಿಷ್ ಕಾದಂಬರಿಯಲ್ಲಿ ಹೆಚ್ಚಿಲ್ಲ.

ಮರುದಿನ ನ್ಯಾಯಾಧಿಪತಿಗಳು ಹಾಕಿದ ಮತದ ಗುಂಡುಗಳೆಲ್ಲವೂ ಕಪ್ಪು. ಅದರ ಜೊತೆಗೆ ಬಂದ ಸುದ್ದಿ, ಆಪಾದಿತೆ ತಪ್ಪನ್ನು ಒಪ್ಪಿಕೊಂಡಳೆಂಬುದು. ನ್ಯಾಯಸ್ಥಾನದ ಅಧಿಕಾರಿ ಇದನ್ನು ವಿಕ್ಟರನಿಗೆ ತಿಳಿಸುವ ಧಾಟಿಯನ್ನು ಗಮನಿಸಬೇಕು. ಇಷ್ಟು ಸ್ಪಷ್ಟವಾದ ಮೊಕದ್ದಮೆಯಲ್ಲಿ ಒಪ್ಪಿಗೆ ಬೇಕಾಗಿರಲಿಲ್ಲವಂತೆ. ಆದರೂ ಬಂದದ್ದು ಒಳ್ಳೆಯದೇ ಆಯಿತಂತೆ. ಸಾಂದರ್ಭಿಕ ಸಾಕ್ಷ್ಯವೊಂದನ್ನೇ ನೆಚ್ಚಿ ದಂಡನೆ ವಿಧಿಸುವುದು ಇಲ್ಲಿನ ನ್ಯಾಯಾಧಿಪತಿಗಳಿಗೆ ಹಿತವಲ್ಲವಂತೆ. ಆಕೆಯ ಒಪ್ಪಿಗೆಯಿಂದ ಸತ್ಯಕ್ಕೆ ಉಪಕಾರವಾಗಲಿಲ್ಲ, ನ್ಯಾಯಾಧಿಪತಿಗಳ ನಿದ್ರೆಗೆ ಉಪಕಾರವಾಯಿತು.

ಸೆರೆಮನೆಯಲ್ಲಿ ಜಸ್ಟೀನ್ ಎಲಿಜಬೆತ್‌ಳಿಗೆ ನಿಜವನ್ನು ಹೇಳುತ್ತಾಳೆ. ತಾನು ಒಪ್ಪಿಕೊಂಡದ್ದು ಸುಳ್ಳು. ದಂಡನೆಯ ತೀರ್ಪಾದಂದಿನಿಂದ ಪಾದ್ರಿ ಅವಳನ್ನು ಬಿಡದೆ ಮುತ್ತಿ, ಒಪ್ಪದಿದ್ದರೆ ಧರ್ಮಬಹಿಷ್ಕಾರವೂ ನರಕಾಗ್ನಿಯೂ ತಪ್ಪದೆಂದು ಬೆದರಿಸಿದನು. ತನ್ನವರೆನ್ನುವವರು ಬಳಿಯಲ್ಲಿ ಒಬ್ಬರೂ ಇರಲಿಲ್ಲ. ಅವನು ಹೇಳುವಂತಹ ಘೋರ ಪ್ರಾಣಿಯೇ ತಾನಿರಬಹುದೆಂದು ಅವಳಿಗೆ ಹೆಚ್ಚುಕಡಮೆ ನಂಬಿಕೆಯೇ ಬರತೊಡಗಿತು. ಸುಳ್ಳು ಒಪ್ಪಿಗೆಗಳು ಹುಟ್ಟುವುದು ದೈಹಿಕ ಹಿಂಸೆಯೊಂದರಿಂದಲೇ ಅಲ್ಲ. ಏಕಾಂತ, ಬಳಲಿಕೆ, ಅಧಿಕಾರದ ಸ್ಥಾನದಲ್ಲಿರುವವನು ಮತ್ತೆ ಮತ್ತೆ ಆಡುವ ಮಾತು ಇವುಗಳಿಂದ ನಿರಪರಾಧಿಗೆ ತನ್ನ ನೆನಪಿನ ಮೇಲೆಯೇ ಶಂಕೆ ಹುಟ್ಟುವುದುಂಟೆಂದು ಇಂದಿನ ಮನಶ್ಶಾಸ್ತ್ರ ಬಲ್ಲುದು. ಇಪ್ಪತ್ತು ತುಂಬುವಷ್ಟರಲ್ಲಿ ಮೇರಿ ಶೆಲ್ಲಿ ಇದನ್ನು ಕಥೆಯಲ್ಲಿ ಕಂಡಿದ್ದಳು. ದುಷ್ಟ ಪಾದ್ರಿ ಗಾಥಿಕ್ ಕಾದಂಬರಿಯ ಹಳೆಯ ಸರಕೇ ಹೌದು: ಲೂಯಿಸನ ‘ದಿ ಮಾಂಕ್’ (೧೭೯೬), ಶ್ರೀಮತಿ ರ‍್ಯಾಡ್‌ಕ್ಲಿಫ್‌ಳ ‘ದಿ ಇಟಾಲಿಯನ್’ (೧೭೯೭) ಇವನ್ನು ಓದಿದವರಿಗೆ ಅವನು ಪರಿಚಿತನೇ. ಅಲ್ಲಿ ಅವನು ಮಠದ ಕತ್ತಲೆಯಲ್ಲಿ ಕೆಲಸಮಾಡುತ್ತಾನೆ. ಇಲ್ಲಿಯಾದರೆ ಹಗಲಿನ ಬೆಳಕಿನಲ್ಲಿ, ಮತ ಹಾಕಿ ತೀರ್ಪು ಕೊಡುವ ಪ್ರಾಟೆಸ್ಟೆಂಟ್ ಗಣರಾಜ್ಯದಲ್ಲಿ, ನ್ಯಾಯಾಧಿಪತಿಗಳ ಅಪೂರ್ಣ ಕಾರ್ಯವನ್ನು ಅವನು ಪೂರ್ಣಗೊಳಿಸುತ್ತಾನೆ. ಪಾಳುಕೋಟೆಯೂ ನೆಲಮಾಳಿಗೆಯೂ ಇಲ್ಲದೆ ಭಯಾನಕವನ್ನು ಹುಟ್ಟಿಸಿದ್ದಾಳೆಂಬುದೇ ಇಲ್ಲಿ ಲೇಖಕಿಯ ವಿಶೇಷ.

ಈ ಲೇಖನದ ಮುಖ್ಯ ಮಾತಿಗೆ ಈಗ ಬರಬಹುದು. ಈ ಕಾದಂಬರಿಯಲ್ಲಿ ‘ಕೊಂದವಳು ನಾನು’, ‘ಕೊಂದವನು ನಾನು’ ಎಂದು ಹೇಳಿಕೊಳ್ಳುವವರು ಜಸ್ಟೀನಳೊಬ್ಬಳೇ ಅಲ್ಲ. ವಿಲಿಯಂನ ಶವವನ್ನು ನೋಡಿದೊಡನೆ ಎಲಿಜಬೆತ್ ಮಗುವನ್ನು ತಾನೇ ಕೊಂದೆನೆಂದು ಚೀರುತ್ತಾಳೆ. ಪದಕವನ್ನು ಕೊರಳಿಗೆ ಹಾಕಿಕೊಳ್ಳಲು ಬಿಟ್ಟವಳು ಅವಳು. ಇದನ್ನು ಮನೆಯವರು ದುಃಖದ ಮಾತೆಂದು ತಿಳಿಯುತ್ತಾರೆ, ಸಂತೈಸುತ್ತಾರೆ. ಅದು ನ್ಯಾಯವೂ ಹೌದು. ವಿಕ್ಟರನಂತೂ ಕಥೆಯುದ್ದಕ್ಕೂ ತನ್ನನ್ನು ಕೊಲೆಗಾರನೆಂದು ಕರೆದುಕೊಳ್ಳುತ್ತಾನೆ. ಅವನ ಗೆಳೆಯ ಕ್ಲರ್ವಲನ ಹೆಣ ಐರ್ಲೆಂಡಿನ ಕಡಲ ತೀರದಲ್ಲಿ ಸಿಕ್ಕಾಗ, ದೋಣಿಯಲ್ಲಿ ಅಲ್ಲಿಗೇ ಬಂದಿಳಿದ ವಿಕ್ಟರನ ಮೇಲೆ ಸಂಶಯ ಬೀಳುತ್ತದೆ. ಜ್ವರದ ಸನ್ನಿಯಲ್ಲಿ ಅವನು ವಿಲಿಯಂ, ಜಸ್ಟೀನ್, ಕ್ಲರ್ವಲ್ ಈ ಮೂವರನ್ನೂ ಕೊಂದವನು ತಾನೆಂದು ಕೂಗುತ್ತಾನೆ. ಅವನ ನುಡಿ ಅಲ್ಲಿ ತಿಳಿಯುತ್ತಿದ್ದುದು ಮ್ಯಾಜಿಸ್ಟ್ರೇಟ್ ಕರ್ವಿನ್ನನೊಬ್ಬನಿಗೆ. ಆ ವೃದ್ಧನು ಅದನ್ನು ತಪ್ಪೊಪ್ಪಿಗೆಯೆಂದು ಬರೆದುಕೊಳ್ಳಲಿಲ್ಲ. ಸೆರೆಮನೆಯ ಒಳ್ಳೆಯ ಕೋಣೆಯನ್ನು ಕೊಡಿಸಿದನು, ವೈದ್ಯನನ್ನೂ ದಾದಿಯನ್ನೂ ಗೊತ್ತುಮಾಡಿದನು, ಕಾಗದಪತ್ರಗಳನ್ನು ನೋಡಿ ಜಿನೀವಾಕ್ಕೆ ಬರೆದು ತಂದೆಯನ್ನು ಕರೆಸಿದನು, ಸಾಕ್ಷಿಗಳನ್ನು ಒಟ್ಟುಗೂಡಿಸಿದನು. ಶವ ಸಿಕ್ಕ ಹೊತ್ತಿನಲ್ಲಿ ವಿಕ್ಟರ್ ಆರ್ಕ್ನಿ ದ್ವೀಪಗಳಲ್ಲಿದ್ದನೆಂದು ಸಿದ್ಧವಾಗಿ, ಜೀವ ತೆಗೆಯುವ ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತದೆ ಅವನು ಬಿಡುಗಡೆಯಾದನು. ಮುಂದೆ ಪ್ಯಾರಿಸಿನಲ್ಲಿ ಅವನು ತಂದೆಗೆ, ಜಸ್ಟೀನ್ ನನ್ನಷ್ಟೇ ನಿರ್ದೋಷಿ, ಅವಳನ್ನು ಕೊಂದವನು ನಾನು ಎಂದು ಸ್ಪಷ್ಟವಾಗಿಯೇ ಹೇಳುತ್ತಾನೆ. ತಂದೆ ಅದನ್ನೂ ಕಾಯಿಲೆಯ ಪ್ರಲಾಪವೆಂದು ಬಗೆಯುತ್ತಾನೆ.

ಒಪ್ಪಿಕೊಂಡವರು ಮೂವರು. ಅವರಲ್ಲಿ ಯಾರ ಮಾತಿನಲ್ಲಿ ಎಳ್ಳಷ್ಟೂ ಸತ್ಯವಿರಲಿಲ್ಲವೋ ಅವಳ ಮಾತೊಂದನ್ನೇ ಲೋಕ ಅಕ್ಷರಶಃ ನಂಬಿತು. ಯಾರ ಮಾತಿನಲ್ಲಿ ತಿರುಳಿತ್ತೋ ಅವನಿಗೆ ಜ್ವರವೆಂದಿತು. ಕುಲೀನನ ತಪ್ಪೊಪ್ಪಿಗೆ ರೋಗಲಕ್ಷಣ, ಊಳಿಗದವಳ ತಪ್ಪೊಪ್ಪಿಗೆ ಸಾಕ್ಷ್ಯ. ಇವೆರಡು ಪ್ರಸಂಗಗಳನ್ನು ಲೇಖಕಿ ಅಕ್ಕಪಕ್ಕದಲ್ಲಿಟ್ಟು ಹೋಲಿಸಲಿಲ್ಲ. ನಡುವೆ ಹಲವು ಅಧ್ಯಾಯಗಳ ದೂರವಿದೆ. ಆದರೆ ಸಂತೆಯ ಹೆಂಗಸಿನ ಸಾಕ್ಷ್ಯಕ್ಕೆ ಪ್ರತಿಯಾಗಿ ಐರ್ಲೆಂಡಿನಲ್ಲಿಯೂ ದೋಣಿಯನ್ನು ಕಂಡೆನೆನ್ನುವ ಹೆಂಗಸೊಬ್ಬಳನ್ನು ತಂದಿರಿಸಿದ್ದನ್ನು ನೋಡಿದರೆ, ಈ ಸಾಮ್ಯ ಆಕಸ್ಮಿಕವೆಂದು ನನಗೆ ತೋರದು. ಎಲಿಜಬೆತ್ ಪತ್ರದಲ್ಲಿ ಕೊಂಡಾಡಿದ ಜಿನೀವಾದ ಸಮಾನತೆ ಎಲ್ಲಿಯವರೆಗೆ ಎಂಬುದಕ್ಕೆ ಉತ್ತರ ಇಲ್ಲಿದೆ.

ವಿಕ್ಟರನ ಮೌನವನ್ನು ಕುರಿತು ಎರಡು ಮಾತು. ತಾನು ಸತ್ಯವನ್ನು ಹೇಳಿದ್ದರೆ ಹುಚ್ಚನೆನ್ನುತ್ತಿದ್ದರು, ಕೊಲೆಯಾದಾಗ ತಾನು ಊರಲ್ಲಿರಲಿಲ್ಲ, ಹೇಳಿ ಪ್ರಯೋಜನವೇನು ಎಂಬುದು ಅವನ ಸಮರ್ಥನೆ. ಓದುಗರು ಬಹುಮಟ್ಟಿಗೆ ಇದನ್ನು ಒಪ್ಪಿಬಿಡುತ್ತಾರೆ, ಕಥೆ ಹೇಳುತ್ತಿರುವವನು ಅವನೇ ಆದ್ದರಿಂದ. ಆದರೆ ಅವನ ಪೂರ್ವಿಕರು ತಲೆತಲಾಂತರದಿಂದ ಆ ನಗರದ ಆಡಳಿತಗಾರರು. ತಂದೆ ಸಾರ್ವಜನಿಕ ಪದವಿಗಳನ್ನು ನಿರ್ವಹಿಸಿದವನು. ಆ ಮನೆಯ ಹಿರಿಯ ಮಗನ ಮಾತಿಗೆ ಒಂದು ದಿನದ ವಿಳಂಬವನ್ನಾದರೂ ತರುವ ಶಕ್ತಿಯಿರಲಿಲ್ಲವೆ? ಇದು ಊಹೆಯ ಪ್ರಶ್ನೆಯಾಗಿ ಉಳಿಯದಂತೆ ಲೇಖಕಿ ನೋಡಿಕೊಂಡಿದ್ದಾಳೆ. ಮುಂದೆ ಎಲಿಜಬೆತ್ ವಿವಾಹದ ರಾತ್ರಿಯೇ ಕೊಲೆಯಾದಾಗ ವಿಕ್ಟರ್ ಅದೇ ಜಿನೀವಾದ ನ್ಯಾಯಾಧಿಕಾರಿಯ ಬಳಿಗೆ ಹೋಗಿ ಇಡೀ ಕಥೆಯನ್ನು ಹೇಳುತ್ತಾನೆ. ಅಧಿಕಾರಿ ಅವನನ್ನು ಹುಚ್ಚರ ಮನೆಗೆ ಅಟ್ಟಲಿಲ್ಲ. ಭೂತದ ಕಥೆಯನ್ನು ಕೇಳುವವರಂತೆ ಅರ್ಧ ನಂಬಿ, ಗಮನವಿಟ್ಟು ಕೇಳಿ, ಆದಷ್ಟು ಪ್ರಯತ್ನಿಸುವೆನೆಂದನು. ಹೆಂಡತಿಗಾಗಿ ತೆರೆದ ಬಾಯನ್ನು ಮನೆಯ ಸೇವಕಿಗಾಗಿ ತೆರೆಯಲಿಲ್ಲ ಎಂಬಷ್ಟೇ ಉಳಿಯುತ್ತದೆ.

ಸೆರೆಮನೆಯ ದೃಶ್ಯದಲ್ಲಿ ಒಂದು ಕ್ಷಣವಿದೆ. ವಿಕ್ಟರ್ ಮೂಲೆಗೆ ಸರಿದು ನಿಂತಿದ್ದಾನೆ. ಜಸ್ಟೀನ್ ಅವನ ಹತ್ತಿರ ಬಂದು, ನೋಡಲು ಬಂದುದಕ್ಕೆ ಉಪಕಾರ ಹೇಳಿ, ತಾವಾದರೂ ನನ್ನನ್ನು ಅಪರಾಧಿಯೆಂದು ನಂಬಿಲ್ಲವಷ್ಟೆ ಎಂದು ಕೇಳುತ್ತಾಳೆ. ಜಗತ್ತಿನಲ್ಲಿ ಈ ಪ್ರಶ್ನೆಗೆ ನಿಶ್ಚಿತವಾದ ಉತ್ತರ ಬಲ್ಲ ಮನುಷ್ಯ ಅವನೊಬ್ಬನೇ. ಅವನಿಗೆ ಮಾತು ಹೊರಡುವುದಿಲ್ಲ. ಅವನ ಪರವಾಗಿ ಎಲಿಜಬೆತ್ ಉತ್ತರ ಕೊಡುತ್ತಾಳೆ: ಇವನಿಗೆ ನನಗಿಂತ ಹೆಚ್ಚು ನಂಬಿಕೆ; ನೀನು ಒಪ್ಪಿಕೊಂಡೆಯೆಂದು ಕೇಳಿದಾಗಲೂ ಇವನು ನಂಬಲಿಲ್ಲವೆಂದು. ಜಸ್ಟೀನ್ ಅದಕ್ಕಾಗಿ ಅವನಿಗೆ ಕೃತಜ್ಞತೆ ಸಲ್ಲಿಸುತ್ತಾಳೆ. ಇದೆಲ್ಲವನ್ನೂ ನಮಗೆ ಹೇಳುವ ವಿಕ್ಟರ್, ಆ ದಿನಗಳಲ್ಲಿ ಆಪಾದಿತೆಯ ಯಾತನೆ ತನ್ನ ಯಾತನೆಗೆ ಸಮನಾಗಿರಲಿಲ್ಲವೆಂದೂ ಹೇಳುತ್ತಾನೆ. ಅವಳಿಗೆ ನಿರಪರಾಧಿತ್ವದ ಆಸರೆಯಾದರೂ ಇತ್ತಂತೆ. ವಧಾಸ್ಥಾನಕ್ಕೆ ಹೋಗುತ್ತಿರುವವಳೊಡನೆ ದುಃಖದ ಪಂದ್ಯ ಕಟ್ಟುವವನನ್ನು ಧೀರೋದಾತ್ತನೆಂದು ಕರೆಯಲು ನಮ್ಮ ಯಾವ ಲಾಕ್ಷಣಿಕನೂ ಒಪ್ಪನು.

ಇದಕ್ಕೆ ಪ್ರತಿಯಾಗಿ ಕಾದಂಬರಿಯಲ್ಲಿ ಇನ್ನೊಬ್ಬ ಯುವಕನಿದ್ದಾನೆ, ಫೀಲಿಕ್ಸ್ ದ ಲೇಸಿ. ಪ್ಯಾರಿಸಿನಲ್ಲಿ ತುರ್ಕಿಯ ವ್ಯಾಪಾರಿಯೊಬ್ಬನಿಗೆ ಮರಣದಂಡನೆಯಾಗುತ್ತದೆ. ಅವನ ಮೇಲಣ ಅಪವಾದಕ್ಕಿಂತ ಅವನ ಮತವೂ ಐಶ್ವರ್ಯವೂ ಅದಕ್ಕೆ ಕಾರಣವೆಂದು ಊರೆಲ್ಲ ಆಡಿಕೊಳ್ಳುತ್ತದೆ. ಯಾವ ಸಂಬಂಧವೂ ಇಲ್ಲದ ಆ ಪರದೇಶಿಯನ್ನು ಫೀಲಿಕ್ಸ್ ದಂಡನೆಯ ಹಿಂದಿನ ರಾತ್ರಿ ಸೆರೆಯಿಂದ ಪಾರುಮಾಡುತ್ತಾನೆ. ತನ್ನ ದೆಸೆಯಿಂದ ಕುರುಡ ತಂದೆಯೂ ತಂಗಿಯೂ ಸೆರೆಯಾದರೆಂದು ಕೇಳಿ ಹಿಂದಿರುಗಿ ಶರಣಾಗುತ್ತಾನೆ. ಆಸ್ತಿ ಹೋಗಿ, ದೇಶಭ್ರಷ್ಟನಾಗಿ, ಕಾಡಿನ ಗುಡಿಸಲಿನಲ್ಲಿ ಬಡತನದಿಂದ ಬದುಕುತ್ತಾನೆ. ತುರ್ಕಿಯವನ ವೃತ್ತಾಂತ ಕಥೆಗೆ ಅಂಟದ ಉಪಾಖ್ಯಾನವೆಂಬ ಆಕ್ಷೇಪಣೆಯುಂಟು. ಜಸ್ಟೀನಳನ್ನು ಮನಸ್ಸಿನಲ್ಲಿಟ್ಟು ಓದಿದರೆ ಅದು ಅಂಟದೆ ಇಲ್ಲ: ತುರ್ಕಿ, ಜಸ್ಟೀನ್, ವಿಕ್ಟರ್ ಹೀಗೆ ಮೂವರು ಅಪವಾದಕ್ಕೆ ಸಿಕ್ಕುತ್ತಾರೆ, ಇಬ್ಬರಿಗೆ ಯಾರಾದರೊಬ್ಬರು ಒದಗುತ್ತಾರೆ, ಒಬ್ಬಳಿಗೆ ಮಾತ್ರ ಯಾರೂ ಒದಗುವುದಿಲ್ಲ.

ಈ ಫೀಲಿಕ್ಸನ ಗುಡಿಸಲಿನ ಪಕ್ಕದಲ್ಲಿ ಅಡಗಿಕೊಂಡೇ ಆ ಜೀವಿ ಭಾಷೆಯನ್ನೂ ಮನುಷ್ಯಚರಿತ್ರೆಯನ್ನೂ ಕಲಿತದ್ದು. ಜಸ್ಟೀನಳ ಉಡುಪಿನಲ್ಲಿ ಪದಕವನ್ನು ಇಟ್ಟ ಬಗೆಯನ್ನು ವಿಕ್ಟರನಿಗೆ ಅದೇ ವಿವರಿಸುತ್ತದೆ. ಫೀಲಿಕ್ಸನ ಪಾಠಗಳಿಂದಲೂ ಮನುಷ್ಯರ ರಕ್ತಪಿಪಾಸು ಕಾನೂನುಗಳಿಂದಲೂ ಕೇಡು ಮಾಡುವುದನ್ನು ಕಲಿತೆನೆಂದು ಅದು ಹೇಳಿಕೊಳ್ಳುತ್ತದೆ. ನಿರಪರಾಧಿಯನ್ನು ಉಳಿಸಿದವನ ಮನೆಯಲ್ಲಿ ಕಲಿತದ್ದು, ನಿರಪರಾಧಿಯನ್ನು ಸಿಕ್ಕಿಸುವ ವಿದ್ಯೆಯನ್ನು. ಇಲ್ಲಿಯೇ ಎರಡು ಪಾಠಗಳು ಬೇರೆಯಾಗುವುದು. ೧೮೧೮ರ ಪಾಠದಲ್ಲಿ ಜಸ್ಟೀನ್ ಹಾದುಹೋಗುತ್ತಿರುವ ಒಬ್ಬ ಹೆಂಗಸು. ಜೀವಿ ಹಿಂದಿನಿಂದ ಬಂದು ಪದಕವನ್ನು ಅವಳ ಉಡುಪಿನ ಮಡಿಕೆಯಲ್ಲಿ ಸೇರಿಸುತ್ತದೆ. ನಡೆಯುವವಳಿಗೆ ತಿಳಿಯದಂತೆ ಎಂಟಡಿಯ ದೈತ್ಯ ಇದನ್ನು ಹೇಗೆ ಮಾಡಿತೆಂಬ ಪ್ರಶ್ನೆ ಯಾರಿಗಾದರೂ ಬರುವುದೇ. ೧೮೩೧ರಲ್ಲಿ ಲೇಖಕಿ ಇದನ್ನು ಸರಿಪಡಿಸಿದಳು. ಜಸ್ಟೀನ್ ಕಣಜದ ಹುಲ್ಲಿನ ಮೇಲೆ ಮಲಗಿದ್ದಾಳೆ. ಮುಂಜಾವದಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿತ್ತು, ಹೆಜ್ಜೆಯ ಸಪ್ಪಳಕ್ಕೆ ಎಚ್ಚರವಾಯಿತೆಂದು ಅವಳ ಹೇಳಿಕೆಯಲ್ಲಿಯೂ ಒಂದು ವಾಕ್ಯ ಸೇರುತ್ತದೆ.

ಆದರೆ ಈ ತಿದ್ದುಪಡಿ ಕಥೆಯ ಹೊಂದಾಣಿಕೆಯಷ್ಟಕ್ಕೇ ನಿಲ್ಲಲಿಲ್ಲ. ಹೊಸ ಪಾಠದಲ್ಲಿ ಜೀವಿ ಮಲಗಿದವಳ ಮೇಲೆ ಬಾಗಿ, ಪ್ರಣಯಿಯ ಮಾತಿನಲ್ಲಿ ಅವಳನ್ನು ಎಚ್ಚರಿಸಲು ಪಿಸುಗುಟ್ಟುತ್ತದೆ. ಅವಳು ಸ್ವಲ್ಪ ಮಿಸುಕುತ್ತಾಳೆ. ಎದ್ದರೆ ತನ್ನನ್ನು ಕಂಡು ಶಪಿಸುವಳು, ಕೊಲೆಗಾರನೆಂದು ಕೂಗುವಳು ಎಂಬ ಎಣಿಕೆಯಿಂದ ಅದಕ್ಕೆ ರೋಷವುಕ್ಕುತ್ತದೆ. ಇಂತಹವಳಿಂದ ದೊರೆಯಬಹುದಾದ ಒಲವು ನನಗೆ ಎಂದೆಂದಿಗೂ ಇಲ್ಲ. ಅದರಿಂದಲೇ ನಾನು ಕೊಂದೆ. ಆದುದರಿಂದ ಅಪರಾಧದ ಮೂಲ ಅವಳು, ಶಿಕ್ಷೆಯೂ ಅವಳಿಗೇ ಸಲ್ಲಲಿ: ಇದು ಅದರ ತರ್ಕ. ಜಸ್ಟೀನಳನ್ನು ಅಪರಾಧಿಯೆಂದು ಮೂರು ಸಲ ತೀರ್ಮಾನಿಸಲಾಗಿದೆ: ತಾಯಿಯ ಮನೆಯಲ್ಲಿ ಒಮ್ಮೆ, ಜಿನೀವಾದ ನ್ಯಾಯಸ್ಥಾನದಲ್ಲಿ ಒಮ್ಮೆ, ಈ ಎರಡರ ನಡುವೆ ಕಣಜದ ಕತ್ತಲೆಯಲ್ಲಿ ಅವಳು ನಿದ್ರೆಯಲ್ಲಿರುವಾಗಲೇ ಒಮ್ಮೆ. ಜೀವಿಯ ಆತ್ಮಕಥನಕ್ಕೆ ಮರುಗಿ ಅದರ ಪಕ್ಷವನ್ನು ವಹಿಸುವ ವಿಮರ್ಶೆ ನಮ್ಮ ಕಾಲದಲ್ಲಿ ಹೇರಳವಾಗಿ ಬಂದಿದೆ, ಅದರಲ್ಲಿ ತಥ್ಯವೂ ಇದೆ. ತನ್ನ ಮಾತನ್ನು ಕೇಳುವವರಿಲ್ಲವೆಂಬುದೇ ಅದರ ಪರಮ ದುಃಖ. ಆದರೆ ಆ ಜೀವಿಗೆ ತನ್ನ ಕಥೆಯನ್ನು ಹೇಳಲು ಹಲವು ಅಧ್ಯಾಯಗಳ ಅವಕಾಶ ಸಿಕ್ಕಿತು. ಅದು ಬಲಿಗೊಟ್ಟ ಹುಡುಗಿಗೆ ಸಿಕ್ಕಿದ್ದು ಕೆಲವು ಪುಟ. ಕೊನೆಯಲ್ಲಿ ಹಿಮಸಾಗರದ ಹಡಗಿನಲ್ಲಿ, ವಿಕ್ಟರನ ಶವದ ಮುಂದೆ ನಿಂತು ವಾಲ್ಟನನೊಡನೆ ಆಡುವ ದೀರ್ಘವಾದ ಪಶ್ಚಾತ್ತಾಪದ ಭಾಷಣದಲ್ಲಿ ಕ್ಲರ್ವಲನ ಹೆಸರು ಬರುತ್ತದೆ. ತನಗೆ ಅನ್ಯಾಯ ಮಾಡಿದ ಫೀಲಿಕ್ಸನ ಹೆಸರೂ ಬರುತ್ತದೆ. ಜಸ್ಟೀನಳ ಹೆಸರು ಬರುವುದಿಲ್ಲ.

೧೮೩೧ರ ಪರಿಷ್ಕರಣ ಒಂದು ಕಡೆ ಕೊಟ್ಟಿತು, ಇನ್ನೊಂದು ಕಡೆ ಕಿತ್ತುಕೊಂಡಿತು. ಮೊದಲ ಪಾಠದ ಸೆರೆಮನೆಯ ದೃಶ್ಯದಲ್ಲಿ ಎಲಿಜಬೆತ್ ಮರಣದಂಡನೆಯನ್ನೇ ಕಟುವಾಗಿ ಖಂಡಿಸುತ್ತಾಳೆ: ಒಂದು ಜೀವ ಹೋದರೆ ಮತ್ತೊಂದನ್ನು ಮೆಲ್ಲಮೆಲ್ಲನೆ ಹಿಂಸಿಸಿ ತೆಗೆಯುತ್ತಾರೆ, ಕೈಗೆ ಅಂಟಿದ ನಿರ್ದೋಷಿಯ ರಕ್ತ ಆರುವ ಮೊದಲೇ ಮಹತ್ಕಾರ್ಯವನ್ನು ಸಾಧಿಸಿದೆವೆಂದು ಬೀಗುತ್ತಾರೆ ಎಂಬ ಅರ್ಥದ ಮಾತುಗಳು ಅಲ್ಲಿವೆ. ಪರಿಷ್ಕೃತ ಪಾಠದಲ್ಲಿ ಈ ಭಾಗವಿಲ್ಲ. ಅದಕ್ಕೆ ಬದಲಾಗಿ ವಿಕ್ಟರ್ ನ್ಯಾಯಾಧಿಪತಿಗಳಲ್ಲಿ ಆವೇಶದಿಂದ ಮೊರೆಯಿಟ್ಟನೆಂದೂ, ಅವರ ತಣ್ಣನೆಯ ಉತ್ತರವನ್ನು ಕೇಳಿ ಸತ್ಯವನ್ನು ನುಡಿಯಬೇಕೆಂದಿದ್ದವನ ಬಾಯಿ ಕಟ್ಟಿತೆಂದೂ ಹೊಸದಾಗಿ ಸೇರಿಸಲಾಗಿದೆ. ಹೆಂಗಸಿನ ಕೋಪವನ್ನು ತೆಗೆದು ಗಂಡಸಿನ ಸಮರ್ಥನೆಯನ್ನು ತುಂಬಿದಂತಾಯಿತು. ಈ ಒಂದು ಸ್ಥಳದಲ್ಲಿ ನನ್ನ ಮತ ಹದಿನೆಂಟನೆಯ ಇಸವಿಯ ಪಾಠಕ್ಕೆ. ಮೂವತ್ತೊಂದರ ಪಾಠವನ್ನೇ ಬಹುಕಾಲ ಅಚ್ಚುಮಾಡುತ್ತ ಬಂದುದರಿಂದ ಎಷ್ಟೋ ಓದುಗರಿಗೆ ಎಲಿಜಬೆತ್ ಕೇವಲ ಮೃದುಸ್ವಭಾವದ ಕನ್ಯೆಯಾಗಿ ಉಳಿದಳು.

ಈ ಪ್ರಸಂಗದ ಕುಲವನ್ನು ಹುಡುಕುವವರು ದೂರ ಹೋಗಬೇಕಾಗಿಲ್ಲ. ೧೮೧೮ರ ಪುಸ್ತಕ ಅರ್ಪಿತವಾಗಿರುವುದು ಮೇರಿಯ ತಂದೆ ವಿಲಿಯಂ ಗಾಡ್ವಿನ್ನನಿಗೆ, ‘ಕೇಲಬ್ ವಿಲಿಯಮ್ಸ್’ (೧೭೯೪) ಕಾದಂಬರಿಯ ಕರ್ತೃವೆಂಬ ಉಲ್ಲೇಖದೊಡನೆ. ಅಲ್ಲಿ ಒಡೆಯ ಫಾಕ್‌ಲೆಂಡ್ ತಾನು ಮಾಡಿದ ಕೊಲೆಗಾಗಿ ಹಾಕಿನ್ಸ್ ಎಂಬ ತಂದೆಮಕ್ಕಳು ನೇಣಿಗೇರುವಾಗ ತನ್ನ ಕೀರ್ತಿಯ ಭಯದಿಂದ ಸುಮ್ಮನಿರುತ್ತಾನೆ. ಗುಟ್ಟು ತಿಳಿದ ಸೇವಕ ಕೇಲಬನ ಪೆಟ್ಟಿಗೆಯಲ್ಲಿ ಒಡವೆಗಳು ಸಿಕ್ಕುವಂತೆ ಮಾಡಿ ಕಳ್ಳನೆನ್ನಿಸುತ್ತಾನೆ. ತಂದೆಯ ಇಡೀ ಕಾದಂಬರಿಯ ವಸ್ತು ಮಗಳ ಕೃತಿಯಲ್ಲಿ ಒಂದು ಪ್ರಕರಿಯಾಗಿ ಅಡಕಗೊಂಡಿದೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ಕೇಲಬನ ಕಥೆಯನ್ನು ಕೇಲಬನೇ ಹೇಳುತ್ತಾನೆ; ಜಸ್ಟೀನಳ ಕಥೆಯನ್ನು ಅವಳ ಫಾಕ್‌ಲೆಂಡ್ ಹ��ಳುತ್ತಾನೆ.

ನಮ್ಮ ಓದುಗರಿಗೆ ಇಲ್ಲಿ ‘ಮೃಚ್ಛಕಟಿಕ’ದ ನ್ಯಾಯಸ್ಥಾನ ನೆನಪಿಗೆ ಬಾರದಿರದು. ಅಲ್ಲಿಯೂ ಸಾಕ್ಷ್ಯವಾಗುವುದು ಒಡವೆ. ಮೈತ್ರೇಯನ ಕಂಕುಳಿಂದ ಸಭೆಯ ನಡುವೆ ಅವು ಉದುರಿದಾಗ ಚಾರುದತ್ತನ ಕಥೆ ಮುಗಿಯುತ್ತದೆ. ಬದುಕಿನಲ್ಲಿ ಆಸೆ ಬತ್ತಿದ ಅವನೂ ಅಲ್ಲಗಳೆಯುವುದಿಲ್ಲ. ಸತ್ಯವನ್ನು ಬಲ್ಲ ಸೇವಕ ಸ್ಥಾವರಕ ಮಾಳಿಗೆಯಿಂದ ಧುಮುಕಿ ಬಂದು ಕೂಗಿ ಹೇಳಿದರೂ, ಇವನು ಕದ್ದು ಪೆಟ್ಟು ತಿಂದ ಆಳು ಎಂಬ ಶಕಾರನ ಒಂದು ಮಾತಿಗೆ ಅವನ ಸಾಕ್ಷ್ಯ ಬಿದ್ದುಹೋಗುತ್ತದೆ. ಶೂದ್ರಕನ ಪ್ರಕರಣದಲ್ಲಿ ಕೊನೆಯ ಗಳಿಗೆಗೆ ವಸಂತಸೇನೆ ಬಂದಳು. ಜಿನೀವಾದಲ್ಲಿ ಹಾಗೆ ಬರಬೇಕಾಗಿದ್ದವನು ಸೆರೆಮನೆಯ ಮೂಲೆಯಲ್ಲಿಯೇ ನಿಂತಿದ್ದನು.

ಪಾತ್ರಚಿತ್ರಣದಲ್ಲಿ ಕೊರತೆಯಿಲ್ಲವೆಂದು ನಾನು ಹೇಳಲಾರೆ. ಸೆರೆಮನೆಯಲ್ಲಿ ಜಸ್ಟೀನಳ ಬಾಯಲ್ಲಿ ಬರುವ ಶಾಂತಿಯ ಮಾತುಗಳು ಆ ಕಾಲದ ರಂಗಭೂಮಿಯ ಧಾಟಿಯವು. ಸಾಯುವ ಹಿಂದಿನ ದಿನ ಒಬ್ಬ ಹಳ್ಳಿಯ ಹುಡುಗಿ ಅಷ್ಟು ಜೋಡಿಸಿ ಮಾತಾಡಳು. ಒಂದು ಸಿಟ್ಟಿನ ನುಡಿಯಾದರೂ ಅವಳಿಂದ ಬಂದಿದ್ದರೆ ಪಾತ್ರಕ್ಕೆ ಇನ್ನಷ್ಟು ರಕ್ತಮಾಂಸ ತುಂಬುತ್ತಿತ್ತು. ಆದರೆ ಅವಳ ಮಾತನ್ನು ನಾವು ಕೇಳುತ್ತಿರುವುದು ವಿಕ್ಟರನ ಮೂಲಕ, ಅವನದನ್ನು ವಾಲ್ಟನನ ಮೂಲಕ. ಅವಳು ಕ್ಷಮಿಸಿ ಸತ್ತಳೆಂದು ನೆನೆಯುವುದು ಯಾರಿಗೆ ಅನುಕೂಲವೋ ಅವನೇ ವರದಿಗಾರ ಎಂಬುದನ್ನು ಮರೆಯದೆ ಈ ಆಕ್ಷೇಪಣೆಯನ್ನು ತೂಗಬೇಕು.

ಚಲಚ್ಚಿತ್ರಗಳು ಅವಳ ಪಾಲಿಗೆ ಅಷ್ಟೇನೂ ಉದಾರವಾಗಿಲ್ಲ. ೧೯೩೧ರ ಜೇಮ್ಸ್ ವೇಲನ ಪ್ರಸಿದ್ಧ ಚಿತ್ರದಲ್ಲಿ ಅವಳೇ ಇಲ್ಲ. ೧೯೫೭ರ ಇಂಗ್ಲಿಷ್ ಚಿತ್ರದಲ್ಲಿ ಆ ಹೆಸರಿನ ಸೇವಕಿ ವಿಕ್ಟರನ ಉಪಪತ್ನಿಯಾಗಿ, ಅವನನ್ನು ಬೆದರಿಸಹೋಗಿ, ದೈತ್ಯನ ಕೈಗೆ ಸಿಕ್ಕಿ ಸಾಯುತ್ತಾಳೆ. ೧೯೯೪ರಲ್ಲಿ ಕೆನೆತ್ ಬ್ರಾನ ತೆಗೆದ ಚಿತ್ರ ಅವಳನ್ನು ಮರಳಿ ತಂದಿತು, ಆದರೆ ಉದ್ರಿಕ್ತ ಗುಂಪೊಂದು ವಿಚಾರಣೆಯಿಲ್ಲದೆ ಅವಳನ್ನು ನೇಣಿಗೆ ಹಾಕುವಂತೆ ಮಾಡಿತು. ದೃಶ್ಯ ರೋಮಾಂಚಕವಾಗಿದೆ, ನಿಜ. ಗುಂಪಿನ ಕೈಯಲ್ಲಿ ಸತ್ತವಳಿಗಾಗಿ ಗುಂಪನ್ನು ದೂಷಿಸಿ ಪ್ರೇಕ್ಷಕ ಮನೆಗೆ ಹೋಗಬಹುದು. ಮೂಲದಲ್ಲಿ ಗುಂಪಿಲ್ಲ, ಸಾಕ್ಷಿಗಳಿದ್ದಾರೆ, ಸಭ್ಯ ನ್ಯಾಯಾಧಿಪತಿಗಳಿದ್ದಾರೆ, ಪಾದ್ರಿಯಿದ್ದಾನೆ, ಎಲ್ಲವನ್ನೂ ಬಲ್ಲ ಒಬ್ಬ ವಿದ್ಯಾವಂತನಿದ್ದಾನೆ.

ಆ ವಿದ್ಯಾವಂತನು ಸಾಯುವ ಮುನ್ನ, ಹಡಗಿನ ಹಾಸಿಗೆಯಲ್ಲಿ ಮಲಗಿ, ಕೆಲವು ದಿನಗಳಿಂದ ತನ್ನ ಗತಜೀವನದ ನಡತೆಯನ್ನೆಲ್ಲ ಪರಿಶೀಲಿಸುತ್ತಿದ್ದೇನೆಂದು ವಾಲ್ಟನನಿಗೆ ಹೇಳುತ್ತಾನೆ. ಪರಿಶೀಲನೆಯಲ್ಲಿ ನಿಂದ್ಯವಾದುದೇನೂ ಅವನಿಗೆ ಕಂಡುಬರಲಿಲ್ಲ.